ಬಾಗುವ ಬಿಲ್ಲೆ

ಅರುವತ್ತೆಂಟು ದಾಟಿದವನೊಬ್ಬ ಆಟದ ಸಾಮಾನಿನ ಅಂಗಡಿಯಲ್ಲಿ ನಿಂತು, ಒಂದು ಪ್ಲಾಸ್ಟಿಕ್ ಬಿಲ್ಲೆಗಾಗಿ ಹದಿನಾರು ವರ್ಷದ ಮೊಮ್ಮಗನೊಡನೆ ಅರ್ಧ ಗಂಟೆ ವಾದಿಸಿದನೆಂದರೆ ಯಾರಿಗಾದರೂ ನಗು ಬಂದೀತು. ಈಗ ನನಗೂ ಬರುತ್ತದೆ. ಆದರೆ ಆ ವಾದದಲ್ಲಿ ನಾನು ಸೋತದ್ದು ಬಿಲ್ಲೆಯ ವಿಷಯದಲ್ಲಿ ಮಾತ್ರವಲ್ಲ. ಮೂವತ್ತೈದು ವರ್ಷ ಲೆಕ್ಕದ ಮೇಷ್ಟರಾಗಿ ನಾನು ನಂಬಿಕೊಂಡು ಬಂದಿದ್ದ ಒಂದು ಮಾತೂ ಅದರೊಡನೆ ಬಿರುಕು ಬಿಟ್ಟಿತು. ಆದ್ದರಿಂದಲೇ ಇದನ್ನು ಹೇಳಿಕೊಳ್ಳಲು ಕುಳಿತಿದ್ದೇನೆ.

ಕಳೆದ ವರ್ಷ ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದುಬರೋಣವೆಂದು ಕ್ಯಾಲಿಫೋರ್ನಿಯಾದ ಪಸಡೀನಕ್ಕೆ ಹೋಗಿದ್ದೆ. ಆ ಊರಿನ ಅಂಚಿನಲ್ಲಿ ಹಹಮಾಂಗ್ನ ಎಂಬ ಉದ್ಯಾನವಿದೆ. ಹಿಂದೆ ಅದಕ್ಕೆ ಓಕ್ ಗ್ರೋವ್ ಎಂದು ಹೆಸರಿತ್ತು. ಪಕ್ಕದಲ್ಲೇ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ. ಬೇಲಿಯ ಆಚೆ ಇರುವವರು ಮಂಗಳ ಗ್ರಹಕ್ಕೆ ಗುರಿಯಿಟ್ಟು ಕಳುಹಿಸುತ್ತಾರೆ. ಈಚೆ ಇರುವ ನಾವು ಎಂಬತ್ತು ಮೀಟರ್ ದೂರದ ಬುಟ್ಟಿಗೆ ಎಸೆದು ಓಕ್ ಮರಕ್ಕೆ ಬಡಿಯುತ್ತೇವೆ. ಡಿಸ್ಕ್ ಗಾಲ್ಫ್ ಎಂಬ ಆಟಕ್ಕೆ ಮೊತ್ತಮೊದಲ ಕಾಯಂ ಮೈದಾನ ಏರ್ಪಟ್ಟದ್ದು ಇಲ್ಲಿಯೇ, ೧೯೭೫ರಲ್ಲಿ. ಅದನ್ನು ಏರ್ಪಡಿಸಿದವರು ಎಡ್ ಹೆಡ್ರಿಕ್. ಫ್ರಿಸ್ಬಿ ತಟ್ಟೆಯನ್ನು ತಿದ್ದಿ ನೆಟ್ಟಗೆ ಹಾರುವಂತೆ ಮಾಡಿದ ಮನುಷ್ಯ. ಮೊದಲು ಕಂಬಗಳೇ ಗುರಿ. ಆಮೇಲೆ ಸರಪಣಿ ತೂಗುಬಿಟ್ಟ ಕಬ್ಬಿಣದ ಬುಟ್ಟಿ ಬಂತು. ಗಾಲ್ಫಿನಂತೆಯೇ ಲೆಕ್ಕ: ಎಷ್ಟು ಕಡಿಮೆ ಎಸೆತದಲ್ಲಿ ಬಿಲ್ಲೆ ಬುಟ್ಟಿ ಸೇರಿತೋ ಅಷ್ಟು ಜಾಣತನ.

ಬಿಲ್ಲೆಗಳು ನೋಡುವುದಕ್ಕೆ ಒಂದೇ. ಗುಣದಲ್ಲಿ ಒಂದರಂತೆ ಇನ್ನೊಂದಿಲ್ಲ. ಹತ್ತಿರಕ್ಕೆ ಒಂದು, ನಡುದೂರಕ್ಕೆ ಒಂದು, ಬಹುದೂರಕ್ಕೆ ಡ್ರೈವರ್ ಎಂಬುದೊಂದು. ಪ್ರತಿಯೊಂದಕ್ಕೂ ಜಾತಕದಂತೆ ನಾಲ್ಕು ಅಂಕಿ ಕೊಟ್ಟಿರುತ್ತಾರೆ: ವೇಗ, ತೇಲುವಿಕೆ, ಮೊದಲಿಗೆ ಬಲಕ್ಕೆ ವಾಲುವ ಗುಣ, ಕೊನೆಗೆ ಎಡಕ್ಕೆ ಬಾಗುವ ಗುಣ. ಬಲಕ್ಕೆ ಸುಲಭವಾಗಿ ವಾಲುವುದನ್ನು 'ಅಂಡರ್‌ಸ್ಟೇಬಲ್' ಎನ್ನುತ್ತಾರೆ; ವಾಲದೆ ಸೆಟೆದು ನಿಲ್ಲುವುದು 'ಓವರ್‌ಸ್ಟೇಬಲ್'. ಸ್ಥಿರತೆ ಕಡಮೆಯಾದದ್ದು, ಸ್ಥಿರತೆ ಹೆಚ್ಚಾದದ್ದು ಎಂದು ಅರ್ಥ. ಇವೆರಡರಲ್ಲಿ ಯಾವುದು ಬೇಕೆಂದು ಕೇಳಿದರೆ, ನಮ್ಮ ಹಾಗೆ ಬೆಳೆದವರು ಯಾವುದನ್ನು ತೋರಿಸಿಯಾರು, ನೀವೇ ಹೇಳಿ. ಸ್ಥಿರಬುದ್ಧಿ, ಸ್ಥಿರಚಿತ್ತ, ಸ್ಥಿರಾಸ್ತಿ: ನಮ್ಮಲ್ಲಿ ಸ್ಥಿರ ಎಂಬುದು ಬಂದ ಕಡೆಯೆಲ್ಲ ಗೌರವವೇ.

ನಾನು ಆರಿಸಿದ್ದು ಡೆಸ್ಟ್ರಾಯರ್ ಎಂಬುದನ್ನು. ಅದರ ಅಂಕಿಗಳು ೧೨, ೫, -೧, ೩. ತೂಕ ೧೭೫ ಗ್ರಾಂ. ಹೆಸರೇ ಸಂಹಾರಕ, ದೊಡ್ಡ ಆಟಗಾರರ ಕೈಯಲ್ಲಿ ಕಂಡದ್ದು. "ಅಜ್ಜಾ, ಅದು ಬೇಡ. ಸೈಡ್‌ವೈಂಡರ್ ತೊಗೊ, ಹಗುರವಾದ್ದು" ಎಂದ ಮೊಮ್ಮಗ. ಅದರ ಅಂಕಿಗಳು ೯, ೫, -೩, ೧. ಅಡ್ಡಡ್ಡ ಹರಿಯುವ ಮರಳುಗಾಡಿನ ಹಾವಿನ ಹೆಸರು. ಬೇಗ ವಾಲುತ್ತದೆ ಎಂದೂ ಅಂಗಡಿಯವನು ಸೇರಿಸಿದ. ವಾಲುವುದು, ಬಾಗುವುದು, ಹಗುರ ಎಂಬ ಮಾತುಗಳನ್ನು ಕೇಳಿಯೇ ನನಗೆ ಅದರ ಮೇಲೆ ಅಸಡ್ಡೆ ಹುಟ್ಟಿತು. ಅರ್ಧ ಗಂಟೆಯ ಚರ್ಚೆಯ ಬಳಿಕ ಸಂಹಾರಕನನ್ನೇ ಮನೆಗೆ ತಂದೆ.

ಎರಡು ವಾರ ಎಸೆದೆ. ಎಸೆದಷ್ಟು ಸಲವೂ ಅದು ಒಂದು ಗಳಿಗೆ ನೆಟ್ಟಗೆ ಹೋದಂತೆ ಮಾಡಿ, ಎಡಕ್ಕೆ ತಿರುಗಿ, ನಲವತ್ತು ಮೀಟರಿನೊಳಗೇ ಹುಲ್ಲಿನಲ್ಲಿ ಕುಕ್ಕರಿಸುತ್ತಿತ್ತು. ನಾನು ಬಿಲ್ಲೆಯನ್ನು ದೂರಲಿಲ್ಲ. ನನ್ನ ಕೈಯನ್ನು ದೂರಿದೆ. ಇನ್ನೂ ಬಲವಾಗಿ ಬೀಸಿದೆ. ರಾತ್ರಿ ಮಗಳು ಭುಜಕ್ಕೆ ಮುಲಾಮು ತಿಕ್ಕುತ್ತ ಬೈದಳು.

ಕಾರಣ ತಿಳಿದುಕೊಂಡದ್ದು ಆಮೇಲೆ. ಬಲಗೈಯವನು ಹಿಂಗೈ ಬೀಸಿ ಎಸೆದ ಬಿಲ್ಲೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತ ಹೋಗುತ್ತದೆ. ವೇಗ ಜೋರಾಗಿದ್ದಾಗ ಗಾಳಿಯ ಒತ್ತಡ ಅದರ ಮೂತಿಯನ್ನು ಕೆಳಕ್ಕೆ ತಗ್ಗಿಸಲು ನೋಡುತ್ತದೆ. ಆದರೆ ಸುತ್ತುವ ವಸ್ತುವಿಗೆ ಬುಗುರಿಯ ಸ್ವಭಾವ: ಒತ್ತಿದ ಕಡೆಗೆ ಹೋಗದೆ ಪಕ್ಕಕ್ಕೆ ವಾಲುತ್ತದೆ. ಹೀಗೆ ಬಿಲ್ಲೆ ಬಲಕ್ಕೆ ವಾಲುತ್ತದೆ. ವೇಗ ಕುಂದಿದ ಮೇಲೆ ಗಾಳಿ ಮೂತಿಯನ್ನು ಮೇಲಕ್ಕೆತ್ತಲು ನೋಡುತ್ತದೆ. ಆಗ ಬಿಲ್ಲೆ ಎಡಕ್ಕೆ ಬಾಗಿ ಇಳಿಯುತ್ತದೆ. ಅಂಕಿಗಳಲ್ಲಿ ಬರೆದಿರುವ ಹಾರಾಟ ಆ ಬಿಲ್ಲೆಗೆ ತಕ್ಕ ವೇಗ ಸಿಕ್ಕಿದರೆ ಮಾತ್ರ. ಹನ್ನೆರಡರ ವೇಗ ಬೇಡುವ ಬಿಲ್ಲೆಗೆ ನಾನು ಆರರ ವೇಗ ಕೊಟ್ಟರೆ, ಅದು ಹುಟ್ಟುವಾಗಲೇ ಮುದುಕನಾಗಿ ಹುಟ್ಟಿದಂತೆ. ಬಲಕ್ಕೆ ವಾಲುವ ಪ್ರಾಯವನ್ನೇ ಕಾಣದೆ ನೇರವಾಗಿ ಇಳಿವಯಸ್ಸಿಗೆ ಬಂದುಬಿಡುತ್ತದೆ. ಬಾಗುವ ಬಿಲ್ಲೆಯಾದರೋ ಸಣ್ಣ ವೇಗದಲ್ಲಿಯೂ ಸ್ವಲ್ಪ ಬಲಕ್ಕೆ ಒಲೆಯುತ್ತದೆ. ಆ ಒಲವು ಕೊನೆಯ ಎಡಬಾಗನ್ನು ಸರಿತೂಗಿಸುತ್ತದೆ. ಮೊಮ್ಮಗ ತನ್ನ ಹಳೆಯ ಸೈಡ್‌ವೈಂಡರ್ ಕೈಗೆ ಕೊಟ್ಟ. ಭುಜದ ನೋವಿನಿಂದ ಮೆಲ್ಲಗೇ ಎಸೆದೆ. ಅದು ನೆಟ್ಟಗೆ, ಎರಡು ಓಕ್ ಮರಗಳ ನಡುವೆ, ಐವತ್ತೈದು ಮೀಟರ್ ಹೋಗಿ ಕುಳಿತಿತು. ಬಾಗುವುದೆಂದು ನಾನು ಬೇಡವೆಂದದ್ದೇ ನನ್ನ ಕೈಯಲ್ಲಿ ನೇರವಾಗಿ ಹೋಯಿತು. ಸೆಟೆದು ನಿಲ್ಲುವುದೆಂದು ಆರಿಸಿದ್ದೇ ಬಾಗಿಹೋಗಿತ್ತು.

ಸಂತೋಷಪಡಬೇಕಾಗಿತ್ತು. ಆದರೆ ಹಿಂತಿರುಗುವ ದಾರಿಯಲ್ಲಿ ನನಗೆ ನೆನಪಾದದ್ದು ನನ್ನ ತರಗತಿಯ ಒಬ್ಬ ಹುಡುಗ. ಕೈಕೆಲಸದಲ್ಲಿ ಚುರುಕು, ಬೀಜಗಣಿತ ಹತ್ತುತ್ತಿರಲಿಲ್ಲ. ಒಂದು ದಿನ ಎದ್ದು ನಿಂತು, "ಸಾರ್, ಮೊದಲು ಸುಲಭದ್ದೊಂದು ಕೊಡಿ, ಆಮೇಲೆ ಇದನ್ನ ಮಾಡ್ತೀನಿ" ಎಂದು ಕೇಳಿದ. ನಾನು ಇಡೀ ತರಗತಿ ಕೇಳುವ ಹಾಗೆ, "ಲೆಕ್ಕ ನಿನಗೆ ಬಾಗೋದಿಲ್ಲಪ್ಪ, ನೀನು ಲೆಕ್ಕಕ್ಕೆ ಬಾಗಬೇಕು" ಎಂದೆ. ಎಲ್ಲರೂ ನಕ್ಕರು. ಆ ವರ್ಷವೇ ಅವನು ಶಾಲೆ ಬಿಟ್ಟ. ಇಪ್ಪತ್ತು ವರ್ಷದ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕಿ, ಕಾಲು ಮುಟ್ಟಿ ನಮಸ್ಕಾರ ಮಾಡಿ, "ನಿಮ್ಮದೇನೂ ತಪ್ಪಿಲ್ಲ ಸಾರ್, ಲೆಕ್ಕ ನನ್ನ ಹಣೇಲಿ ಬರೆದಿರಲಿಲ್ಲ" ಎಂದ. ಆ ಮಾತನ್ನು ನಾನು ಪ್ರಶಸ್ತಿಪತ್ರದಂತೆ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದಿದ್ದೆ. ಓಕ್ ಮರಗಳ ಕೆಳಗೆ ನಡೆಯುತ್ತಿದ್ದಾಗ ಅದರ ಅರ್ಥ ಬೇರೆಯಾಗಿ ಕಂಡಿತು. ಅವನೂ ನನ್ನ ಹಾಗೆ ಬಿಲ್ಲೆಯನ್ನು ದೂರದೆ ತನ್ನ ಕೈಯನ್ನೇ ದೂರಿಕೊಂಡಿದ್ದ. ನಾನು ದೂರಿಕೊಂಡದ್ದು ಎರಡು ವಾರ. ಅವನು ಇಪ್ಪತ್ತು ವರ್ಷ.

ನನ್ನ ಕಡೆಯ ವಾದವನ್ನೂ ಹೇಳಬೇಕು, ಅದು ಪೊಳ್ಳಲ್ಲ. ಪ್ರತಿಯೊಬ್ಬರ ನಿಶ್ಶಕ್ತಿಗೂ ಒಪ್ಪುವಂತೆ ಲೋಕ ಬಾಗುತ್ತ ಹೋದರೆ ಶಕ್ತಿ ಬೆಳೆಯುವುದೆಂತು? ಎರಡೂ ಎರಡೂ ನಾಲ್ಕೇ. ದುರ್ಬಲನ ಮೇಲಿನ ಕರುಣೆಯಿಂದ ಅದು ಮೂರೂವರೆಯಾಗದು. ಇದು ನಿಜ. ಆದರೆ ನಾನು ಮಾಡಿದ್ದ ತಪ್ಪು ಬೇರೆ: ಬುಟ್ಟಿಯನ್ನೂ ಬಿಲ್ಲೆಯನ್ನೂ ಒಂದೇ ಎಂದುಕೊಂಡಿದ್ದೆ. ಬುಟ್ಟಿ ಕದಲಬೇಕಾಗಿಲ್ಲ. ನನಗೆ ವಯಸ್ಸಾಯಿತೆಂದು ಯಾರೂ ಅದನ್ನು ಹತ್ತು ಮೀಟರ್ ಈಚೆಗೆ ತಂದಿಡಲಿಲ್ಲ, ತರುವುದೂ ಬೇಡ. ಬದಲಾದದ್ದು ಅಲ್ಲಿಗೆ ತಲಪುವ ಸಾಧನ ಮಾತ್ರ. ಆ ಹುಡುಗನೂ ಬುಟ್ಟಿಯನ್ನು ಹತ್ತಿರ ತನ್ನಿ ಎನ್ನಲಿಲ್ಲ. "ಆಮೇಲೆ ಇದನ್ನ ಮಾಡ್ತೀನಿ" ಎಂದಿದ್ದ. ಅವನ ಮಾತಿನ ಅರ್ಧ ಭಾಗವನ್ನಷ್ಟೆ ನಾನು ಕೇಳಿದ್ದೆ.

ಇನ್ನೊಂದು ಸಂಗತಿ. ಬಾಗುವ ಬಿಲ್ಲೆ ಮುದ್ದು ಮಾಡುತ್ತದೆ ಎಂದು ನಾನು ತಿಳಿದಿದ್ದೆ. ಅದೂ ಸುಳ್ಳಾಯಿತು. ಮಣಿಕಟ್ಟನ್ನು ತಿರುಚಿ ಒರಟಾಗಿ ಎಸೆದರೆ ಬಿಲ್ಲೆ ನಡುಗುತ್ತ ಹೊರಡುತ್ತದೆ. ಸೆಟೆದ ಬಿಲ್ಲೆ ಆ ನಡುಕವನ್ನು ನುಂಗಿಕೊಂಡು, ಏನೂ ಆಗಲಿಲ್ಲವೆಂಬಂತೆ ಎಂದಿನ ಹಾಗೆ ಎಡಕ್ಕೆ ಬೀಳುತ್ತದೆ. ತಪ್ಪು ಎಸೆದವನಿಗೆ ತಿಳಿಯುವುದೇ ಇಲ್ಲ. ಬಾಗುವ ಬಿಲ್ಲೆ ಮಾತ್ರ ಥಟ್ಟನೆ ಬಲಕ್ಕೆ ಮಗುಚಿ ನೆಲಕ್ಕೆ ಬಡಿದು, "ಇಲ್ಲಿ ನೀನು ತಪ್ಪಿದೆ" ಎಂದು ತೋರಿಸಿಕೊಡುತ್ತದೆ. ಕಠಿಣವಾದದ್ದೆಲ್ಲ ಒಳ್ಳೆಯ ಗುರುವಲ್ಲ. ಎಷ್ಟೋ ವೇಳೆ ಕಾಠಿಣ್ಯವೇ ತಪ್ಪಿಗೆ ಮುಸುಕು. ನನ್ನ ತರಗತಿಯಲ್ಲಿ ಇಪ್ಪತ್ತು ಹುಡುಗರು ಒಂದೇ ಕಡೆ ಎಡವಿದರೂ, ಲೆಕ್ಕ ಕಷ್ಟದ್ದಾದ್ದರಿಂದ, ಯಾರು ಯಾತಕ್ಕೆ ಎಡವಿದರೆಂದು ನಾನು ನೋಡಲೇ ಇಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಪ್ರಾಮಾಣಿಕವಾಗಿ ಹೇಳುವುದಾದರೆ, ಸೈಡ್‌ವೈಂಡರ್ ಕೂಡ ನನ್ನ ಹಾಸಿಗೆಗಿಂತ ಒಂದು ಗೇಣು ಉದ್ದವೇ. ನನ್ನ ಕೈಗೆ ನಡುದೂರದ ಬಿಲ್ಲೆಯೇ ಸಾಕು, ಅದೂ ಅಷ್ಟೇ ದೂರ ಹೋದೀತು ಎಂದು ಮೊಮ್ಮಗ ಮೆಲ್ಲಗೆ ಹೇಳಿದ್ದುಂಟು. ನಾನು ಕೇಳಲಿಲ್ಲ. ಡ್ರೈವರ್ ಎಂಬ ಹೆಸರಿನ ಆಸೆ ಬಿಡಲಾಗಲಿಲ್ಲ. ನೂರೈವತ್ತು ಗ್ರಾಮಿನ ಆಸುಪಾಸಿನದೊಂದು ಸೈಡ್‌ವೈಂಡರ್ ಕೊಂಡೆ. ಹಗುರವಾದದ್ದಕ್ಕೆ ನನ್ನಂಥವನೂ ವೇಗ ಕೊಡಬಲ್ಲ. ಇದು ಜಂಬವೋ ಹಂಬಲವೋ ನಾನೇ ತೀರ್ಮಾನಿಸಲಾರೆ. ಒಂದು ಗೇಣು ಮೇಲಿರುವುದನ್ನು ಆರಿಸಿದರೆ ಕೈ ಚಾಚುತ್ತೇವೆ. ಒಂದು ಆಳು ಮೇಲಿರುವುದನ್ನು ಆರಿಸಿದರೆ ಭುಜ ಮುರಿದುಕೊಳ್ಳುತ್ತೇವೆ. ವ್ಯತ್ಯಾಸ ಅಷ್ಟೆ ಎಂದು ತೋರುತ್ತದೆ.

ಸೆಟೆದ ಬಿಲ್ಲೆಗೂ ಕಾಲವುಂಟು. ಎದುರುಗಾಳಿ ಬೀಸುವ ದಿನ ನನ್ನ ಸೈಡ್‌ವೈಂಡರ್ ಮಗುಚಿಕೊಳ್ಳುತ್ತದೆ. ಆಗ ಬಲಿತ ತೋಳಿನವರ ಡೆಸ್ಟ್ರಾಯರೇ ಗಾಳಿಯನ್ನು ಸೀಳಿಕೊಂಡು ಹೋಗುವುದು. ಯಾವ ಗುಣವೂ ಎಲ್ಲ ಕೈಗೂ, ಎಲ್ಲ ಗಾಳಿಗೂ ಸದ್ಗುಣವಲ್ಲ. ಅಲ್ಲದೆ, ಸೆಟೆದ ಬಿಲ್ಲೆಯೂ ವರ್ಷಗಟ್ಟಲೆ ಮರಕ್ಕೆ ಬಡಿದು, ಕಲ್ಲಿಗೆ ಉಜ್ಜಿ, ಅಂಚು ಸವೆದ ಮೇಲೆ ಮೆಲ್ಲನೆ ಬಾಗುವ ಬಿಲ್ಲೆಯಾಗುತ್ತದೆ. ಹಳಬರು ಅದನ್ನು ಎಸೆದುಬಿಡುವುದಿಲ್ಲ. ಇಷ್ಟಕ್ಕೇ ಕಾದಿದ್ದೆವೆಂಬಂತೆ ಜೋಪಾನ ಮಾಡುತ್ತಾರೆ.

ಊರಿಗೆ ಬಂದ ಮೇಲೆ ಪಕ್ಕದ ಮನೆಯ ಹುಡುಗಿಯೊಬ್ಬಳು ಸಂಜೆ ಲೆಕ್ಕ ಹೇಳಿಸಿಕೊಳ್ಳಲು ಬರುತ್ತಾಳೆ. ಮೊನ್ನೆ ಪುಸ್ತಕ ತೆರೆದು, ತಲೆ ಕೆರೆದುಕೊಂಡು, "ಇದಕ್ಕಿಂತ ಸ್ವಲ್ಪ ಸುಲಭದ್ದು ಇದೆಯಾ ತಾತಾ?" ಎಂದು ಕೇಳಿದಳು. ಹಳೆಯ ಉತ್ತರ ನಾಲಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು ಒಂದು ಸುಲಭದ ಲೆಕ್ಕ ಬರೆದುಕೊಟ್ಟೆ. ಅದರ ಕೆಳಗೆ, ಅವಳು ಕೇಳದಿದ್ದರೂ, ಮೊದಲಿನದನ್ನೂ ಬರೆದೆ.