ಮಾತಿಲ್ಲದ ಹೊತ್ತಿನ ಮೈಕು

ಮಾತನಾಡಿದವನ ಬಗ್ಗೆ ಲೋಕ ಮಾತನಾಡುತ್ತದೆ. ಕೇಳಿದವರೂ ಮೆಚ್ಚಿದ್ದನ್ನೋ ಜರೆದದ್ದನ್ನೋ ಹೇಳಿಕೊಳ್ಳುತ್ತಾರೆ. ಇಬ್ಬರ ನಡುವೆ ನಿಂತು ಒಬ್ಬರ ಉಸಿರನ್ನು ಇನ್ನೊಬ್ಬರ ಕಿವಿಗೆ ದಾಟಿಸುವ ಮೈಕಿನ ಮಾತು ಬರುವುದು ಅದು ಕೆಟ್ಟಾಗ ಮಾತ್ರ. ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆ ಇದಕ್ಕಿಂತಲೂ ಸಣ್ಣದು. ಮೈಕು ಯಾರ ಕೆಲಸಕ್ಕೂ ಬಾರದೆ ಸುಮ್ಮನಿರುವ ಹೊತ್ತಿನಲ್ಲಿ ನಾವು ಅದಕ್ಕೆ ಏನಾದರೂ ಸಲ್ಲಿಸಬೇಕೆ? ಸಲ್ಲಿಸಬೇಕೆಂದಾದರೆ, ಯಾರಿಗಾಗಿ?

ನಾನು ಶಿಕಾರಿಪುರದಲ್ಲಿದ್ದುಕೊಂಡು ದನಿ ಕೊಟ್ಟು ಬದುಕುವವನು. ಜಾತ್ರೆಯ ಪ್ರಕಟಣೆ, ಬಟ್ಟೆ ಅಂಗಡಿಯ ಜಾಹೀರಾತು, ಊರ ದೇವಸ್ಥಾನದ ಪರಿಚಯದ ವಿಡಿಯೋ, ಕಣ್ಣು ಕಾಣದ ಮಕ್ಕಳಿಗಾಗಿ ಪಾಠದ ಓದು — ಹೀಗೆ ಸಿಕ್ಕಿದ್ದನ್ನು ಓದುತ್ತೇನೆ. ಚಿಕ್ಕಂದಿನಲ್ಲಿ ಭದ್ರಾವತಿ ಆಕಾಶವಾಣಿಯನ್ನು ಕೇಳುತ್ತಾ ಬೆಳೆದವರಿಗೆಲ್ಲ ದನಿಯ ಹುಚ್ಚು ಒಂದಿಷ್ಟು ಇದ್ದೇ ಇರುತ್ತದೆ. 1965ರಲ್ಲಿ ಶುರುವಾದ ಆ ನಿಲಯ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಗಡಿಯಾರವೂ ಆಗಿತ್ತು, ಮೇಷ್ಟ್ರೂ ಆಗಿತ್ತು. ಈಗ ಒಂದು ಸಣ್ಣ ಕೋಣೆಯ ಗೋಡೆಗೆ ಕಂಬಳಿ ಹೊಡೆದು, ಕಿಟಕಿ ಮುಚ್ಚಿದರೆ ಅದೇ ಸ್ಟುಡಿಯೋ. ಅಂಥದೊಂದು ಶಿಕಾರಿಪುರದಲ್ಲಿ ನನ್ನದಿದೆ. ಇನ್ನೊಂದು ಸೊರಬದಲ್ಲಿ ನನ್ನ ಸ್ನೇಹಿತರದು.

ಈ ಎರಡೂರುಗಳ ನಡುವೆ ಶಿರಾಳಕೊಪ್ಪದ ಮೇಲೆ ಹಾದುಹೋಗುವ ದಾರಿ ದೊಡ್ಡದೇನಲ್ಲ. ಆದರೆ ಗಾಳಿ ಬೇರೆ. ಶಿಕಾರಿಪುರ ಬಯಲುಸೀಮೆಯ ಕಡೆಗೆ ಮುಖ ಮಾಡಿ ಕೂತಿದೆ. ಇಲ್ಲಿ ಮೈಕಿನ ಶತ್ರು ಧೂಳು. ಸೊರಬ ಮಲೆನಾಡಿಗೆ ಒರಗಿಕೊಂಡಿದೆ. ಅಲ್ಲಿ ಆಷಾಢ ಶ್ರಾವಣದಲ್ಲಿ ಪೆಟ್ಟಿಗೆಯೊಳಗಿನ ಚರ್ಮದ ಚಪ್ಪಲಿಗೂ ಬೂಷ್ಟು ಬರುತ್ತದೆ, ಶತ್ರು ತೇವ.

ಸ್ಟುಡಿಯೋದಲ್ಲಿ ಬಳಸುವ ಕಂಡೆನ್ಸರ್ ಮೈಕಿನ ಒಳಗೆ ಚಿನ್ನದ ಲೇಪದ ಒಂದು ಪೊರೆ ಇರುತ್ತದೆ. ಕೂದಲೆಳೆಯ ಹತ್ತನೇ ಒಂದು ಪಾಲೂ ದಪ್ಪವಿರದ ಪೊರೆ. ಅದರ ಹಿಂದೆ ಒಂದು ಲೋಹದ ತಟ್ಟೆ, ನಡುವೆ ಕೂದಲೆಳೆಯಷ್ಟು ಗಾಳಿ. ತಂತಿಯಲ್ಲೇ ಬರುವ 48 ವೋಲ್ಟ್ ವಿದ್ಯುತ್ತು ಅದಕ್ಕೆ ಜೀವ ಕೊಡುತ್ತದೆ. ನಾವು ಮಾತನಾಡಿದಾಗ ಪೊರೆ ನಡುಗುತ್ತದೆ. ಆ ನಡುಕವೇ ನಮ್ಮ ದನಿ. ಮಾತಿನ ಜೊತೆಗೆ ಉಸಿರಿನ ತೇವ, ಎಂಜಲಿನ ಹನಿಯೂ ಹೋಗುತ್ತವೆ. ಅದರ ಮೇಲೆ ಧೂಳು ಕೂತು ಅಂಟಿದರೆ ಮುಂದೆ ತೇವದ ದಿನ ವಿದ್ಯುತ್ತು ಸೋರಿ, ಒಗ್ಗರಣೆಗೆ ಹಾಕಿದ ಸಾಸಿವೆಯಂತೆ ಚಟಪಟ ಸದ್ದು ಶುರುವಾಗುತ್ತದೆ.

ಹಾಗಾಗಿ ಕೆಲಸ ಮುಗಿದ ಮೇಲಿನ ಕೆಲಸವೇ ಮುಖ್ಯ. ಮೊದಲು ವಿದ್ಯುತ್ತು ತೆಗೆದು ಸ್ವಲ್ಪ ಹೊತ್ತು ಬಿಡಬೇಕು. ಹೊರಗಿನ ಜಾಲರಿಯನ್ನು ಒಣಬಟ್ಟೆಯಿಂದ ಒರೆಸಬೇಕು. ಒಳಗಿನ ಪೊರೆಯನ್ನು ಮುಟ್ಟಬಾರದು, ಊದಲೂಬಾರದು. ಉಸಿರಿನ ತೇವ ಆರುವ ಮೊದಲೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ತೇವವನ್ನೂ ಕೂಡಿಹಾಕಿದಂತೆ. ಆರಿದ ಮೇಲೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟ ಡಬ್ಬಿಯಲ್ಲಿ ಮುಚ್ಚಬೇಕು. ನೀಲಿ ಹರಳು ತೇವ ಕುಡಿದು ಗುಲಾಬಿಯಾದರೆ, ಅಡುಗೆಗೆ ಬಳಸದ ಪಾತ್ರೆಯಲ್ಲಿ ಹದವಾಗಿ ಬಿಸಿಮಾಡಿದಾಗ ಮತ್ತೆ ನೀಲಿಯಾಗುತ್ತದೆ. ಕೆಲವರು ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡುತ್ತಾರೆ. ಅಕ್ಕಿ ಹೀರುವ ತೇವಕ್ಕಿಂತ ಬಿಡುವ ಪುಡಿಯೇ ಹೆಚ್ಚು. ಅಲ್ಯೂಮಿನಿಯಂ ಪಟ್ಟಿಯ ರಿಬ್ಬನ್ ಮೈಕಾದರೆ ಮಲಗಿಸಬಾರದು, ಪಟ್ಟಿ ಜೋತುಬೀಳುತ್ತದೆ, ನಿಲ್ಲಿಸಿಯೇ ಇಡಬೇಕು. ಇಷ್ಟಕ್ಕೆಲ್ಲ ಕಾಲು ಗಂಟೆ ಸಾಕು. ಆದರೆ ಆ ಕಾಲು ಗಂಟೆಗೆ ಯಾರೂ ಕೂಲಿ ಕೊಡುವುದಿಲ್ಲ.

ಕೂಲಿಯಿಲ್ಲದ ಕೆಲಸ ಯಾರಿಗೆ ಸಲ್ಲಬೇಕಾದ ಋಣ? ಮೈಕಿಗೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದಕ್ಕೆ ನೋವಿಲ್ಲ, ನೆನಪಿಲ್ಲ. ಒಡೆಯನಿಗೆ ಎಂದರೆ, ತನ್ನ ವಸ್ತುವನ್ನು ತಾನು ಕೆಡಿಸಿಕೊಂಡರೆ ಕೇಳುವವರು ಯಾರು? ಈ ವಾದ ಸರಿಯೆಂದೇ ನನಗೂ ಕಾಣುತ್ತಿತ್ತು, ಸೊರಬ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿಬರುವ ತನಕ.

ಆ ಹಳ್ಳಿಯಲ್ಲಿ ತೊಂಬತ್ತು ದಾಟಿದ ಅಜ್ಜಿಯೊಬ್ಬರಿದ್ದರು. ನಾಟಿಯ ಪದ, ಬೀಸುವ ಪದ, ಸೋಬಾನೆ ಅವರ ಬಾಯಲ್ಲಿ ಕಣಜದ ಭತ್ತದಂತೆ ತುಂಬಿದ್ದವು. ಮೊಮ್ಮಗ ಅವನ್ನು ಧ್ವನಿಮುದ್ರಿಸಬೇಕೆಂದು ಆಸೆಪಟ್ಟ. ಪದಗಳ ನಡುವೆ ಪ್ರಶ್ನೆ ಕೇಳಲು ನನ್ನನ್ನು ಕರೆದ. ಮೈಕಿಗಾಗಿ ಮೊದಲು ಸೊರಬದ ನನ್ನ ಸ್ನೇಹಿತರನ್ನು ಕೇಳಿದ. ಅವರ ಬಳಿ ಒಳ್ಳೆಯ ಮೈಕಿತ್ತು, ಬಾಣಂತಿಯಂತೆ ಜೋಪಾನ ಮಾಡಿದ್ದರು. ‘ಬೇಕಾದ್ರೆ ಬೈಕ್ ತಗೊಂಡು ಹೋಗು ಮಾರಾಯ, ಮೈಕ್ ಮಾತ್ರ ಕೇಳ್ಬೇಡ’ ಅಂದರಂತೆ. ಹಿಂದೊಮ್ಮೆ ಕೊಟ್ಟದ್ದು ಕೆಟ್ಟು ಮರಳಿದ ನೋವು ಅವರದು. ಕೊನೆಗೆ ಹುಡುಗ ಬೇರೆ ಕಡೆಯಿಂದ ಬಾಡಿಗೆಗೆ ತಂದ.

ಶುರುವಿನಲ್ಲಿ ಪರೀಕ್ಷಿಸಿದಾಗ ಮೈಕು ಸರಿಯಾಗೇ ಇತ್ತು. ಹೊರಗೆ ಜಡಿಮಳೆ. ಅಜ್ಜಿ ಬೆಚ್ಚಗಾಗುತ್ತಾ ಹೋದಂತೆ ಮೈಕು ತಣ್ಣಗಾಯಿತು. ಅರ್ಧ ಗಂಟೆಯಲ್ಲಿ ಚಟಪಟ ಸದ್ದು ದನಿಯನ್ನೇ ನುಂಗಿತು. ನಿಲ್ಲಿಸಿ, ಆರಿಸಿ, ಮತ್ತೆ ನೋಡಿದರೂ ಅಷ್ಟೇ. ಅಜ್ಜಿ ನಕ್ಕು, ‘ಇರ್ಲಿ ಬಿಡು ಮಗಾ, ಮಳೆ ಹೋದ್ಮೇಲೆ ಬಾ, ಪದ ಎಲ್ಲಿ ಓಡಿ ಹೋಗ್ತಾವೆ?’ ಎಂದರು. ಪದ ಓಡಿಹೋಗಲಿಲ್ಲ, ಅಜ್ಜಿಯೇ ಹೊರಟುಹೋದರು. ದೀಪಾವಳಿ ನೋಡಲಿಲ್ಲ. ಬಾಡಿಗೆಯವನಿಗೆ ವಿಷಯ ಹೇಳಿದರೆ, ‘ಮಳೆಗಾಲದಲ್ಲಿ ಯಾರೂ ಒಯ್ಯಲ್ಲ ಅಂತ ಗೋಡೌನಿನ ಮೂಲೇಲಿ ಇಟ್ಟಿದ್ದೆ. ಸುಮ್ನೆ ಇದ್ದಿದ್ದಕ್ಕೆ ಏನಾಗುತ್ತೆ ಸಾರ್?’ ಎಂದ.

ಆ ಪ್ರಶ್ನೆಗೆ ಉತ್ತರ ಅಜ್ಜಿಯ ಮನೆಯಲ್ಲಿತ್ತು. ಬಾಡಿಗೆ ಅವನಿಗೆ ಸಂದಿತ್ತು, ನಷ್ಟವಾದದ್ದು ಅವನಿಗಲ್ಲ. ಮೂಲೆಯಲ್ಲಿ ಮೈಕು ತೇವ ಕುಡಿಯುತ್ತಿದ್ದ ತಿಂಗಳುಗಳಲ್ಲಿ ಆ ಅಜ್ಜಿ ಯಾರೆಂಬುದೂ ಅವನಿಗೆ ಗೊತ್ತಿರಲಿಲ್ಲ. ಅನಾಸ್ಥೆಯ ಅಪಾಯ ಇದೇ: ಅದರ ಪೆಟ್ಟು ಬೀಳುವುದು ಎದುರಿಗಿಲ್ಲದವರ ಮೇಲೆ. ಎದುರಿಗಿದ್ದವರಾದರೆ ಜಗಳವಾಡಿಯಾರು. ಮುಂದೆ ಬರಲಿರುವವರಿಗೆ ಜಗಳವಾಡಲೂ ಬಾಯಿಲ್ಲ.

ಆದರೆ ನನ್ನ ಸ್ನೇಹಿತರ ಮೈಕು? ಅದು ಆ ದಿನ ಬೀರುವಿನೊಳಗೆ ಒಣಗಿ, ಶುಚಿಯಾಗಿ, ಸುಖವಾಗಿತ್ತು. ಒಬ್ಬ ಕಾಪಾಡದೆ ಅಜ್ಜಿಯ ದನಿಯನ್ನು ಕಳೆದ. ಇನ್ನೊಬ್ಬರು ಕಾಪಾಡಿಯೇ ಕಳೆದರು. ಇದು ಕಠೋರವಾದ ಮಾತು ಎಂದು ನನಗೆ ಗೊತ್ತು. ಕೊಟ್ಟು ಕೆಡಿಸಿಕೊಂಡವನು ಮತ್ತೆ ಕೊಡಲು ಹಿಂಜರಿಯುವುದು ಸಹಜ. ಆದರೂ ಯಾರ ದನಿಗೂ ಸಿಗದಂತೆ ಕಾಪಾಡಿದ ಮೈಕು ಒಂದು ಒಡವೆಯಷ್ಟೇ.

ಮೂರನೆಯದೊಂದು ಬಗೆಯೂ ಇದೆ, ಪೂಜೆ. ಆಯುಧಪೂಜೆಯ ದಿನ ಎಷ್ಟೋ ಕಡೆ ಮೈಕಿನ ಜಾಲರಿಗೇ ಕುಂಕುಮ ಹಚ್ಚಿ, ಮೂಗಿನ ಕೆಳಗೆ ಊದಿನಕಡ್ಡಿ ಸಿಕ್ಕಿಸುವುದನ್ನು ನೋಡಿದ್ದೇನೆ. ಭಕ್ತಿ ನಿಜವಾದದ್ದೇ. ಆದರೆ ನುಣ್ಣನೆಯ ಕುಂಕುಮದ ಪುಡಿ, ಹೊಗೆಯ ಜಿಡ್ಡು ಒಳಗಿನ ಪೊರೆಗೆ ವಿಷ. ನಾನು ಡಬ್ಬಿಯ ಮುಚ್ಚಳಕ್ಕೆ ಕುಂಕುಮವಿಟ್ಟು ಕೈಮುಗಿಯುತ್ತೇನೆ. ವಸ್ತುವಿನ ಸ್ವಭಾವ ತಿಳಿಯದ ಗೌರವ ಅದಕ್ಕೆ ಹೊರೆ. ಮನುಷ್ಯರ ವಿಷಯದಲ್ಲೂ ಹೀಗೇ ಅಲ್ಲವೆ?

ಇಲ್ಲೇ ಶಿಕಾರಿಪುರ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಊರು. ಅಲ್ಲಮನ ಬಳ್ಳಿಗಾವಿಯೂ ಇಲ್ಲೇ. ಅವರ ಮಾತು ನಮಗೆ ಸಿಕ್ಕಿದ್ದು ಹೇಗೆ? ಫ.ಗು. ಹಳಕಟ್ಟಿಯವರು ಊರೂರು ಅಲೆದು ತಾಡಓಲೆಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಅವರನ್ನು ನೆನೆಯುತ್ತೇವೆ, ನೆನೆಯಬೇಕು. ಆದರೆ ಅವರು ಬರುವ ತನಕ, ಎಷ್ಟೋ ತಲೆಮಾರು, ಓದಲು ಬರುತ್ತಿತ್ತೋ ಇಲ್ಲವೋ, ಆ ಕಟ್ಟುಗಳಿಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ, ಹುಳದಿಂದ ಕಾದವರು ಇದ್ದರಲ್ಲ? ಅವರಿಗೆ ಹೆಸರಿಲ್ಲ. ಕಾದದ್ದು ಮಾತ್ರವಲ್ಲ, ಕೇಳುವವರು ಬಂದಾಗ ಕಟ್ಟು ಬಿಚ್ಚಿ ಕೊಟ್ಟರು ಕೂಡ. ಎರಡೂ ಸೇರಿದಾಗಲೇ ಕಾಯಕ ಪೂರ್ತಿಯಾದದ್ದು.

ಈಗ ಎಲ್ಲರ ಜೇಬಿನ ಫೋನಿನಲ್ಲೂ ಮೈಕಿದೆ, ಇಷ್ಟೆಲ್ಲ ತಲೆಬಿಸಿ ಯಾಕೆ ಎನ್ನುವವರಿದ್ದಾರೆ. ಅಜ್ಜಿಯ ಮೊಮ್ಮಗ ಆ ದಿನ ಫೋನಿನಲ್ಲಿ ಹಿಡಿದುಕೊಂಡ ಎರಡು ಪದಗಳು ಉಳಿದಿವೆ, ಹೆಂಚಿನ ಮೇಲಿನ ಮಳೆಯ ಸದ್ದಿನೊಡನೆ. ಏನೂ ಇಲ್ಲದ್ದಕ್ಕಿಂತ ಅದು ದೊಡ್ಡದು. ಆದರೆ ಅದೇ ಫೋನು ಕೆಟ್ಟರೆ ಇನ್ನೊಂದು ಕೊಳ್ಳುತ್ತೇವೆ, ಒಳಗಿದ್ದ ದನಿಯನ್ನು ಕೊಳ್ಳಲಾಗುವುದಿಲ್ಲ. ವಸ್ತು ಅಗ್ಗವಾದರೆ ಅದರೊಳಗೆ ಹಾದುಹೋಗುವುದೂ ಅಗ್ಗವಾಗುವುದಿಲ್ಲ.

ಸೊರಬದ ಸ್ನೇಹಿತರು ಈಗಲೂ ಮೈಕು ಕೊಡುವುದಿಲ್ಲ. ಆದರೆ ಹಳ್ಳಿಯಿಂದ ಯಾರಾದರೂ ಕೇಳಿಕೊಂಡು ಬಂದರೆ ಡಬ್ಬಿಯನ್ನು ಎದೆಗವಚಿಕೊಂಡು ತಾವೇ ಬಸ್ಸು ಹತ್ತುತ್ತಾರೆ. ಅಜ್ಜಿಯ ಮಾತನ್ನು ನಾವಿಬ್ಬರೂ ಎತ್ತಿಲ್ಲ. ಎತ್ತುವ ಅಗತ್ಯವೂ ಕಾಣಲಿಲ್ಲ.