ಹಾಲುಹಲ್ಲು ಬರೆದಿಟ್ಟ ಜಾತಕ

ಮಗುವಿನ ಬಾಯಿಂದ ಉದುರುವ ಮೊದಲ ಹಾಲುಹಲ್ಲು ಆ ಮಗುವಿಗಿಂತ ದೊಡ್ಡದು. ವಯಸ್ಸಿನಲ್ಲಿ. ತಾಯಿಗೆ ನಾಲ್ಕು ತಿಂಗಳು ತುಂಬುವ ಹೊತ್ತಿಗೇ ಅದು ಪುಟ್ಟ ಒಸಡಿನೊಳಗೆ ಗಟ್ಟಿಗೊಳ್ಳತೊಡಗಿರುತ್ತದೆ. ಹಲ್ಲಿನ ಹೊರಪದರವಾದ ಎನಾಮಲ್ಲಿನಲ್ಲಿ ದಿನಕ್ಕೊಂದು ಸೂಕ್ಷ್ಮ ಗೆರೆ ಮೂಡುತ್ತಾ ಹೋಗುತ್ತದೆ. ಹೆರಿಗೆಯ ಹೊತ್ತಿಗೆ ಆ ಕೆಲಸ ಒಮ್ಮೆ ತಡವರಿಸುತ್ತದೆ. ತಡವರಿಸಿದ ಜಾಗ ಕೂದಲಿಗಿಂತ ತೆಳುವಾದ ರೇಖೆಯಾಗಿ ನಿಂತುಬಿಡುತ್ತದೆ. ಹಲ್ಲನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ರೇಖೆಯ ಒಂದು ಬದಿಗೆ ಬಸಿರಿನ ದಿನಗಳು, ಇನ್ನೊಂದು ಬದಿಗೆ ಬೆಳಕು ಕಂಡ ದಿನಗಳು. ಹುಟ್ಟಿದ ಗಳಿಗೆ ನೋಡಿ ನಾವು ಜಾತಕ ಬರೆಸುತ್ತೇವೆ. ಅದೇ ಗಳಿಗೆಯನ್ನು ದೇಹವೂ ಗುರುತು ಹಾಕಿಕೊಂಡಿರುತ್ತದೆ, ಯಾರೂ ಹೇಳದೆ. ಇದನ್ನು ಮೊದಲು ಓದಿದಾಗ ನನಗೆ ಮೈ ಜುಮ್ಮೆಂದಿತು.

ಎಲುಬು ಜೀವನವಿಡೀ ತನ್ನನ್ನು ಕೆಡವಿ ಕಟ್ಟಿಕೊಳ್ಳುತ್ತಿರುತ್ತದೆ. ಎನಾಮಲ್ ಹಾಗಲ್ಲ, ಒಮ್ಮೆ ಕಟ್ಟಿದ್ದು ಕಟ್ಟಿದಂತೆಯೇ. ಹಾಗಾಗಿ ಆ ದಿನಗಳಲ್ಲಿ ಮಗುವಿನ ಮೈ ಸೇರಿದ್ದು ಹಲ್ಲಿನಲ್ಲಿ ಉಳಿಯುತ್ತದೆ. ಸೀಸವನ್ನೇ ನೋಡಿ. ದೇಹ ಅದನ್ನು ಕ್ಯಾಲ್ಸಿಯಂ ಎಂದೇ ತಿಳಿದು ಒಳಗೆ ಕರೆದುಕೊಳ್ಳುತ್ತದೆ. ರಕ್ತದಲ್ಲಿರುವ ಸೀಸ ತಿಂಗಳೊಂದರಲ್ಲಿ ಅರ್ಧಕ್ಕಿಳಿಯುತ್ತದೆ. ಎಲುಬಿಗೆ ಇಳಿದದ್ದು ದಶಕಗಟ್ಟಲೆ ಕೂರುತ್ತದೆ. ಹೆಣ್ಣುಮಗಳೊಬ್ಬಳು ಬಾಲ್ಯದಲ್ಲಿ ಉಸಿರಾಡಿದ ಪೆಟ್ರೋಲ್ ಹೊಗೆಯ ಸೀಸ, ಅವಳು ಬಸುರಿಯಾದಾಗ, ಕೂಸಿಗೆಂದು ಎಲುಬು ಕ್ಯಾಲ್ಸಿಯಂ ಬಿಟ್ಟುಕೊಡುವಾಗ, ಜೊತೆಗೇ ಹೊರಟು ಕೂಸನ್ನು ಸೇರುತ್ತದೆ. ಕೂಸು ಕಾಣದ ಬೀದಿಯ ಹೊಗೆ ಕೂಸಿನ ಮೈಯಲ್ಲಿ. ಇದಕ್ಕೆ ಬೆರಗೆನ್ನಲೋ ಸಂಕಟವೆನ್ನಲೋ ತಿಳಿಯುವುದಿಲ್ಲ. ಎರಡೂ ಹೌದು.

ಹಲ್ಲಿನ ಈ ನೆನಪನ್ನು ಕೇಳಿಸಿಕೊಂಡವರಲ್ಲಿ ಹರ್ಬರ್ಟ್ ನೀಡಲ್‌ಮನ್ ದೊಡ್ಡವರು. ಅಮೆರಿಕದ ಮಕ್ಕಳ ವೈದ್ಯ, ಮನೋವೈದ್ಯ. ಬಾಸ್ಟನ್ ಪಕ್ಕದ ಚೆಲ್ಸಿ, ಸೋಮರ್‌ವಿಲ್ ಊರುಗಳ ಒಂದು, ಎರಡನೇ ತರಗತಿಯ ಮಕ್ಕಳಿಂದ ಉದುರಿದ ಹಲ್ಲುಗಳನ್ನು ಕೇಳಿ ಪಡೆದು, ಎನಾಮಲ್ಲಿನ ಕೆಳಗಿರುವ ಡೆಂಟಿನ್ ಪದರದಲ್ಲಿ ಸೀಸ ಅಳೆದರು. ಯಾವ ಮಗುವೂ ಕಾಯಿಲೆ ಬಿದ್ದಿರಲಿಲ್ಲ. ಆದರೂ ಸೀಸ ಹೆಚ್ಚಿದ್ದವರು ಬುದ್ಧಿಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಯಾರ ಹಲ್ಲಿನಲ್ಲಿ ಎಷ್ಟಿದೆ ಎಂದು ತಿಳಿಯದ ಮೇಷ್ಟರುಗಳೇ ಅಂಥ ಮಕ್ಕಳ ಗಮನ ನಿಲ್ಲದು ಎಂದು ಬರೆದುಕೊಟ್ಟಿದ್ದರು. ಇದು ಪ್ರಕಟವಾದದ್ದು 1979ರಲ್ಲಿ. ಹನ್ನೊಂದು ವರ್ಷ ಕಳೆದು ಅದೇ ಮಕ್ಕಳನ್ನು ಹುಡುಕಿ ನೋಡಿದರೆ, ಹಲ್ಲಿನಲ್ಲಿ ಸೀಸ ಬಹಳವಿದ್ದವರು ಹೈಸ್ಕೂಲನ್ನು ಅರ್ಧಕ್ಕೆ ಬಿಡುವ ಸಾಧ್ಯತೆ ಏಳು ಪಟ್ಟು ಹೆಚ್ಚಿತ್ತು. ದಡ್ಡ, ಪೋಲಿ ಎಂದು ಎಷ್ಟು ಹುಡುಗರನ್ನು ಕರೆದಿದ್ದೇವೋ! ನೀಡಲ್‌ಮನ್ ಲೆಕ್ಕ ತಿದ್ದಿದ್ದಾರೆಂಬ ಆರೋಪ ಬಂತು, ವಿಚಾರಣೆಯೂ ನಡೆಯಿತು. ವಂಚನೆ ಕಾಣಲಿಲ್ಲ. 2017ರಲ್ಲಿ ತೀರಿಕೊಳ್ಳುವ ಮುನ್ನ, ಪೆಟ್ರೋಲಿನಿಂದ ಸೀಸ ಹೊರಹೋಗಿ ತಮ್ಮ ದೇಶದ ಮಕ್ಕಳ ರಕ್ತ ತಿಳಿಯಾದದ್ದನ್ನು ಅವರು ಕಂಡರು.

ಸೀಸ ಇಂದಿನದಷ್ಟೇ ಅಲ್ಲ. ಆಗ್ನೇಯ ಫ್ರಾನ್ಸಿನಲ್ಲಿ ಸಿಕ್ಕ, ಸುಮಾರು ಎರಡೂವರೆ ಲಕ್ಷ ವರ್ಷ ಹಳೆಯ ನಿಯಾಂಡರ್ತಾಲ್ ಮಕ್ಕಳ ಹಲ್ಲನ್ನು ಲೇಸರಿನಿಂದ ಪದರ ಪದರ ಪರೀಕ್ಷಿಸಿದ ವರದಿ 2018ರಲ್ಲಿ ಬಂತು. ಒಂದು ಮಗು ವಸಂತದಲ್ಲಿ ಹುಟ್ಟಿತ್ತು, ಎರಡೂವರೆ ವರ್ಷ ತಾಯಿಹಾಲು ಕುಡಿದಿತ್ತು, ಕನಿಷ್ಠ ಎರಡು ಬಾರಿ ಅದರ ಮೈಗೆ ಸೀಸ ತಗುಲಿತ್ತು. ಆ ತಾಯಿಯ ಹೆಸರು, ಭಾಷೆ, ಹಾಡು ಒಂದೂ ಉಳಿದಿಲ್ಲ. ಅವಳು ಎಷ್ಟು ಕಾಲ ಎದೆಹಾಲು ಕೊಟ್ಟಳೆಂಬುದು ಉಳಿದಿದೆ.

ನಮ್ಮಲ್ಲಿ ಮಕ್ಕಳ ಮೈಯ ಸೀಸದ ಲೆಕ್ಕ ತೆಗೆದದ್ದು ರಕ್ತದಿಂದ. 1990ರ ದಶಕದ ಕೊನೆಗೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತುಪ್ಪಿಲ್ ವೆಂಕಟೇಶ್ ಮತ್ತು ಜಾರ್ಜ್ ಫೌಂಡೇಶನ್ ದೊಡ್ಡ ನಗರಗಳ ಮಕ್ಕಳನ್ನು ಪರೀಕ್ಷಿಸಿದಾಗ, ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. 2000ದಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ಆದರೆ ಸೀಸಕ್ಕಾಗಿ ಹಳೆಯ ಬ್ಯಾಟರಿ ಕರಗಿಸುವ ಶೆಡ್ಡುಗಳ ಸುತ್ತ ಇಂದಿಗೂ ಮಕ್ಕಳು ಆಡುತ್ತಿದ್ದಾರೆ.

ಉದುರಿದ ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆಸೆಯುವುದು ನಮ್ಮ ಎಷ್ಟೋ ಮನೆಗಳ ಪದ್ಧತಿ. ಮಗುವಿಗೆ ಆ ಸಂಭ್ರಮ ತಪ್ಪಬಾರದು. ಆದರೆ ಇಪ್ಪತ್ತು ಹಾಲುಹಲ್ಲುಗಳಲ್ಲಿ ಒಂದನ್ನಾದರೂ, ಅಂಥ ಶೆಡ್ಡುಗಳಿರುವ ಕಡೆಯ ಶಾಲೆಗಳು ಕೇಳಿ ಪಡೆದು, ಊರು ಮತ್ತು ಹುಟ್ಟಿದ ತಿಂಗಳು ಬರೆದ ಚೀಟಿ ಹಚ್ಚಿ, ಓದಬಲ್ಲವರ ಕೈಗೆ ಮುಟ್ಟಿಸಲಿ ಎಂದು ನನ್ನಾಸೆ.