ಮನಸ್ಸಾಕ್ಷಿಯನ್ನು ಮಾರದ ಉಪಾಧ್ಯಾಯರು



ನಂಬಿಕೆಯಲ್ಲಿ ನಮಗಿಂತ ಮುಂಚೆ ನಡೆದ ಹಿರಿಯರನ್ನು ಮರೆಯಬಾರದೆಂದು ಇಬ್ರಿಯರಿಗೆ ಬರೆದ ಪತ್ರಿಕೆಯ ೧೩ನೆಯ ಅಧ್ಯಾಯವು ನಮಗೆ ಕಲಿಸುತ್ತದೆ. ಆದಕಾರಣ ಈ ತಿಂಗಳು ನಾವು ಒಬ್ಬ ಉಪಾಧ್ಯಾಯರನ್ನು ನೆನಸೋಣ. ಅವರ ಹೆಸರು ಅಲೆಕ್ಸಾಂಡ್ರ್ ವಿನೇ. ಅವರು ಮಿಶನರಿಯಲ್ಲ, ನಮ್ಮ ದೇಶವನ್ನು ಕಂಡವರೂ ಅಲ್ಲ; ಫ್ರೆಂಚ್ ಸಾಹಿತ್ಯವನ್ನು ಕಲಿಸಿದ ಪಂಡಿತರು. ಆದರೂ ಅವರು ೨೦ ವರುಷ ವಾಸಿಸಿದ ಪಟ್ಟಣವು ನಮಗೆ ಪರಕೀಯವಲ್ಲ. ಅದು ಬಾಸೆಲ್. ೧೮೩೪ರಲ್ಲಿ ಮಂಗಳೂರಿಗೆ ಸುವಾರ್ತೆಯನ್ನು ತಂದ ಬೋಧಕರು ಆ ಪಟ್ಟಣದಿಂದಲೇ ಹೊರಟು ಬಂದವರು.

ವಿನೇಯವರು ೧೭೯೭ರಲ್ಲಿ ಸ್ವಿಟ್ಜರ್ಲೆಂಡ್ ದೇಶದ ಲೊಸಾನ್ ಪಟ್ಟಣದ ಹತ್ತಿರ ಹುಟ್ಟಿದರು. ೧೮೧೭ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ಜರ್ಮನ್ ಮಾತಾಡುವ ಬಾಸೆಲಿನ ಹುಡುಗರಿಗೆ ಫ್ರೆಂಚ್ ಭಾಷೆಯನ್ನು ಕಲಿಸಲು ಹೋದರು. ೧೮೧೯ರಲ್ಲಿ ಅವರಿಗೆ ಬೋಧಕದೀಕ್ಷೆಯೂ ಆಯಿತು. ಒಳ್ಳೇ ಗದ್ಯಪದ್ಯಗಳನ್ನು ಆರಿಸಿ, ಬಾಲಕರಿಗೆ ಒಂದು, ಬೆಳೆಯುವವರಿಗೆ ಒಂದು, ಪ್ರಾಯಸ್ಥರಿಗೆ ಒಂದು, ಹೀಗೆ ಮೂರು ಭಾಗಗಳ ಪುಸ್ತಕವನ್ನು ೧೮೨೯ರಲ್ಲಿಯೂ ೧೮೩೦ರಲ್ಲಿಯೂ ಪ್ರಕಟಿಸಿದರು. ಅವರ ಶರೀರವು ಬಲಹೀನವಾಗಿತ್ತು. ಎಳೆಯ ಪ್ರಾಯದ ಮಗಳನ್ನು ೧೮೩೮ರಲ್ಲಿ ಮಣ್ಣಿಗೆ ಒಪ್ಪಿಸಬೇಕಾಯಿತು. ಹೀಗಿದ್ದರೂ ಪಾಠವನ್ನಾಗಲಿ ಪ್ರಾರ್ಥನೆಯನ್ನಾಗಲಿ ಅವರು ಬಿಡಲಿಲ್ಲ.

ಈಗ ಮುಖ್ಯವಾದ ಸಂಗತಿಯನ್ನು ಕೇಳಿರಿ. ಅವರ ಸ್ವಂತ ಸೀಮೆಯಾದ ವೋ ಎಂಬಲ್ಲಿ ಸಭೆಯು ಸರಕಾರದ ಕೈಕೆಳಗೆ ಇತ್ತು. ಕೆಲವರು ಉಜ್ಜೀವನ ಹೊಂದಿ, ಮನೆಗಳಲ್ಲಿ ಕೂಡಿ ಪ್ರಾರ್ಥಿಸತೊಡಗಿದರು. ಜನರು ಅವರನ್ನು ಹಾಸ್ಯಮಾಡಿದರು. ಮೊದಲು ವಿನೇಯವರಿಗೂ ಆ ಗುಂಪು ರುಚಿಸಲಿಲ್ಲ. ಅದಕ್ಕೆ ವಿರೋಧವಾಗಿ ಬರೆದದ್ದೂ ಉಂಟು. ಆದರೆ ೧೮೨೪ರಲ್ಲಿ ಸರಕಾರವು ಅಂಥ ಕೂಟಗಳನ್ನು ಕಾಯಿದೆಯಿಂದ ನಿಷೇಧಿಸಿದಾಗ, ಅವರು ಆ ಗುಂಪಿನ ಪರವಾಗಿಯೇ ನಿಂತರು. ದೇವರಿಗೂ ಮನುಷ್ಯನಿಗೂ ನಡುವೆ ಇರುವ ಸಂಗತಿಯಲ್ಲಿ ಅಧಿಕಾರಿಯ ಕೋಲು ಬರಬಾರದೆಂದು ೧೮೨೬ರಲ್ಲಿ ಒಂದು ದೊಡ್ಡ ಪ್ರಬಂಧವನ್ನು ಪ್ರಕಟಿಸಿದರು. ತಮಗೆ ಹಿಡಿಸದವರ ಸ್ವಾತಂತ್ರ್ಯಕ್ಕಾಗಿ ತಾವು ಶ್ರಮಪಟ್ಟರು.

೧೮೩೭ರಲ್ಲಿ ಅವರು ದೈವಶಾಸ್ತ್ರವನ್ನು ಕಲಿಸಲು ಲೊಸಾನಿಗೆ ಬಂದರು. ೧೮೪೫ರಲ್ಲಿ ಅಲ್ಲಿಯ ಹೊಸ ಸರಕಾರವು ತನ್ನ ಪ್ರಕಟಣೆಯನ್ನು ಪ್ರಸಂಗಪೀಠದಿಂದ ಓದಬೇಕೆಂದು ಸಭಾಪಾಲಕರಿಗೆ ಆಜ್ಞಾಪಿಸಿತು. ಒಪ್ಪದವರು ಶಿಕ್ಷೆಗೆ ಒಳಗಾದರು. ಆಗ ೧೦೦ಕ್ಕೂ ಮಿಕ್ಕಿದ ಸಭಾಪಾಲಕರು ಸಂಬಳವನ್ನು ಬಿಟ್ಟು ಹೊರಟರು. ವಿನೇಯವರು ದೈವಶಾಸ್ತ್ರದ ಉದ್ಯೋಗವನ್ನು ಬಿಟ್ಟು ಫ್ರೆಂಚ್ ಸಾಹಿತ್ಯವನ್ನು ಕಲಿಸುತ್ತಿದ್ದರು. ಆದರೆ ಸರಕಾರದ ಸಭೆಗೆ ಹೊರಗಾದ ಪ್ರಾರ್ಥನಾಕೂಟಗಳಿಗೆ ಅವರು ಹೋಗುತ್ತಿದ್ದರು. ಇದೇ ಅಪರಾಧವೆಂದು ೧೮೪೬ರ ದಶಂಬರದಲ್ಲಿ ಅವರ ಉದ್ಯೋಗವು ಹೋಯಿತು. ೧೮೪೭ರಲ್ಲಿ ವೋ ಸೀಮೆಯ ಸ್ವತಂತ್ರ ಸಭೆಯು ಸ್ಥಾಪಿತವಾಯಿತು. ಅದೇ ವರುಷದ ಮೇ ೪ರಂದು, ಜಿನೀವಾ ಸರೋವರದ ದಡದ ಕ್ಲಾರಾನ್ಸ್ ಎಂಬಲ್ಲಿ, ಅವರು ಕರ್ತನಲ್ಲಿ ನಿದ್ರೆಹೋದರು. ಅಗಲಿದ ಆ ಎರಡು ಸಭೆಗಳು ೧೯೬೬ರಲ್ಲಿ ಪುನಃ ಒಂದಾದವು.

ಇದರಿಂದ ನಾವು ಕಲಿಯತಕ್ಕದ್ದೇನು?

ಮೊದಲನೆಯದು: ನಂಬಿಕೆಯನ್ನು ಮತ್ತೊಬ್ಬರು ನಮಗೋಸ್ಕರ ಹೊರಲಾರರು. ನಮ್ಮಲ್ಲಿ ಕೆಲವರು ಅಜ್ಜನು ದೀಕ್ಷಾಸ್ನಾನ ಹೊಂದಿದ್ದರಿಂದ ಕ್ರೈಸ್ತರು. ಕೆಲವರು ಶಾಲೆಯ, ಕೆಲಸದ, ಹಿತ್ತಿಲಿನ ಆಶೆಯಿಂದ ಸಭೆಯಲ್ಲಿದ್ದಾರೆ. ಸಭೆಯಿಂದ ಸಿಗುವ ಸಹಾಯವು ನಾಳೆ ನಿಂತುಹೋದರೆ, ಆದಿತ್ಯವಾರದ ಗಂಟೆಗೆ ನಾವು ಬರುವೆವೋ? ಈ ಪ್ರಶ್ನೆಯನ್ನು ನೆರೆಯವನಿಗಲ್ಲ, ನಮಗೆ ನಾವೇ ಕೇಳಿಕೊಳ್ಳೋಣ.

ಎರಡನೆಯದು: ನಮ್ಮ ಮನಸ್ಸಾಕ್ಷಿಗೆ ಬೇಡುವ ಸ್ವಾತಂತ್ರ್ಯವನ್ನು ನೆರೆಯವನ ಮನಸ್ಸಾಕ್ಷಿಗೂ ಕೊಡತಕ್ಕದ್ದು. ಕ್ರಿಸ್ತನನ್ನು ಒಪ್ಪಿದ ದಿನ ಬಾವಿಯ ನೀರನ್ನೂ ನಂಟರ ಬಾಗಿಲನ್ನೂ ಕಳಕೊಂಡವರ ಮಕ್ಕಳು ನಮ್ಮಲ್ಲಿದ್ದಾರೆ. ಹೀಗಿರಲಾಗಿ, ಬೇರೆ ರೀತಿಯಾಗಿ ಪ್ರಾರ್ಥಿಸುವ ಸಹೋದರನನ್ನು ನಾವು ಹಾಸ್ಯಮಾಡಬಹುದೋ? ಪಕ್ಕದ ಮನೆಯವನ ಪೂಜೆಯನ್ನು ಹೀನೈಸಬಹುದೋ? ಬಲಾತ್ಕಾರದಿಂದ ಬಗ್ಗಿದ ಮೊಣಕಾಲನ್ನು ಕರ್ತನು ಕೇಳುವದಿಲ್ಲ.

ಮೂರನೆಯದು: ವಿದ್ಯೆಯು ಸಭೆಯ ಸೇವೆಗಾಗಿ ಕೊಡಲ್ಪಟ್ಟ ತಲಾಂತು. ಪುಸ್ತಕಗಳ ಮಧ್ಯದಲ್ಲಿ ಬಾಳಿದ ಆ ಪಂಡಿತರಿಗೆ ಒಂದು ಮನೆಯ ಕೋಣೆಯಲ್ಲಿ ದೇವಜನರ ಸಂಗಡ ಮೊಣಕಾಲೂರುವದು ಅವಮಾನವೆಂದು ತೋರಲಿಲ್ಲ. ನಮ್ಮ ಮಕ್ಕಳಾದರೋ ನಾಲ್ಕಕ್ಷರ ಕಲಿತು ಪೇಟೆಯನ್ನು ಸೇರಿದರೆ, ಹಳ್ಳಿಯ ಸಭೆಯ ಚಾಪೆಯ ಮೇಲೆ ಕೂತುಕೊಳ್ಳಲು ನಾಚುತ್ತಾರೆ. ಓದು ಬಲ್ಲವನು ಓದು ಬಾರದ ಮುದುಕಿಗೆ ಒಂದು ಅಧ್ಯಾಯವನ್ನು ಓದಿ ಹೇಳಲಿ. ಅದೇ ಅವನ ಕಾಣಿಕೆ.

ಮನಸ್ಸುಗಳನ್ನು ಶೋಧಿಸುವ ದೇವರೇ, ನಮ್ಮ ನಂಬಿಕೆಯನ್ನು ಸತ್ಯವಾದದ್ದಾಗಿ ಮಾಡು. ಹೋದರೂ ಬಂದರೂ ನಿನ್ನವರಾಗಿರುವ ಧೈರ್ಯವನ್ನು ನಮಗೆ ದಯಪಾಲಿಸು. ಆಮೆನ್.